24 ಇಂಚಿನ ಕೋಲು

ನಾನು ಫ್ರೀಮೇಸನ್, ಅಂದರೆ ಒಬ್ಬರನ್ನೊಬ್ಬರು ಸಹೋದರ ಎಂದು ಕರೆಯುವ ಒಂದು ಹಳೆಯ ಸಂಘದ ಸದಸ್ಯ. ಇದು ಗೊತ್ತಾದರೆ ಮಂಗಳೂರಿನಲ್ಲಿ ಹೆಚ್ಚಿನವರು ಕೇಳುವುದು ಒಂದೇ. "ಅದರಲ್ಲಿ ನಿಮಗೆ ಎಂತ ಸಿಗ್ತದೆ ಮಾರಾಯ್ರೆ?" ಕಾಂಟ್ರಾಕ್ಟ್ ಸಿಗಬಹುದು, ದೊಡ್ಡವರ ಪರಿಚಯ ಆಗಬಹುದು ಎನ್ನುವುದು ಅವರ ಲೆಕ್ಕ. ಆದರೆ ಲಾಭದ ಆಸೆಯಿಂದ ಬಂದಿಲ್ಲ ಎಂದು ಸೇರುವ ದಿನವೇ ಎಲ್ಲರೆದುರು ಹೇಳಬೇಕು. ನಾನೂ ಹೇಳಿದ್ದೇನೆ. ಕೊಟ್ಟ ಮಾತು ಅಲ್ವಾ, ಉಳಿಸಿಕೊಳ್ಳಬೇಕು.

ನನ್ನದು ಮನೆ ಕಟ್ಟಿಸುವ ಕೆಲಸ. ಕೆಂಪು ಕಲ್ಲು, ಮೇಸ್ತ್ರಿ, ತೂಕದ ಗುಂಡು, ಮೂಲೆಮಟ್ಟ, ಇವುಗಳ ನಡುವೆಯೇ ದಿನ ಹೋಗುತ್ತದೆ. ಫ್ರೀಮೇಸನ್ನರ ಪಾಠ ನಡೆಯುವುದೂ ಇದೇ ಸಾಮಾನುಗಳಿಂದ. ಒರಟು ಕಲ್ಲನ್ನು ಕೆತ್ತಿ ಚೌಕ ಮಾಡುವ ಹಾಗೆ ನಮ್ಮನ್ನು ನಾವು ತಿದ್ದಿಕೊಳ್ಳಬೇಕು ಎನ್ನುವುದು ಆರಂಭದ ಪಾಠ. ನಮ್ಮ ಕೆಂಪು ಕಲ್ಲು ಅಗೆದಾಗ ಮೆತ್ತಗಿರುತ್ತದೆ, ಗಾಳಿ ಬಿಸಿಲಿಗೆ ಗಟ್ಟಿಯಾಗುತ್ತದೆ. ಕೆತ್ತುವುದಿದ್ದರೆ ಬೇಗ ಕೆತ್ತಬೇಕು. ಲಾಡ್ಜಿನಲ್ಲಿ (ನಮ್ಮ ಸಭೆಗೆ ಹಾಗೆನ್ನುತ್ತೇವೆ) ಬಿಳಿ ಏಪ್ರನ್ ಕಟ್ಟಿ ನಿಂತಾಗ ನನಗೆ ಸೈಟಿನ ಮೇಸ್ತ್ರಿಯೇ ನೆನಪಾಗುತ್ತಾರೆ.

ಹೊಸಬರಿಗೆ ಮೊದಲು ತೋರಿಸುವ ಸಾಮಾನುಗಳಲ್ಲಿ 24 ಇಂಚಿನ ಕೋಲೂ ಒಂದು. ಅದು ದಿನದ 24 ಗಂಟೆ. ಪ್ರಾರ್ಥನೆಗೆ ಒಂದು ಪಾಲು, ದುಡಿಮೆಗೆ ಮತ್ತು ದಣಿವಾರಿಸಿಕೊಳ್ಳಲು ಒಂದು ಪಾಲು, ಕಷ್ಟದಲ್ಲಿರುವ ಗೆಳೆಯನಿಗೋ ಸಹೋದರನಿಗೋ ಒಂದು ಪಾಲು. ಇದನ್ನು ಕೇಳಿ ನನ್ನ ಹೆಂಡತಿ, "ಇದರಲ್ಲಿ ಮನೆಗೆ ಎಷ್ಟು ಇಂಚು?" ಎಂದಳು. ಕೇಳಬೇಕಾದ ಪ್ರಶ್ನೆಯೇ. ಉತ್ತರವೂ ಅದೇ ಪಾಠದಲ್ಲಿದೆ. ನೆರವು ಕೊಡುವಾಗ ನಮಗೂ ನಮ್ಮವರಿಗೂ ತೊಂದರೆ ಆಗಬಾರದು. ಮನೆಯವರನ್ನು ಹಸಿವಿನಲ್ಲಿಟ್ಟು ಊರಿಗೆ ಬಡಿಸು ಎಂದು ಯಾರೂ ಹೇಳುವುದಿಲ್ಲ.

ಇದಕ್ಕೂ ಹಿಂದಿನ ಒಂದು ಮಾತಿದೆ. 1723ರಲ್ಲಿ ಲಂಡನ್ನಿನಲ್ಲಿ ಜೇಮ್ಸ್ ಆಂಡರ್ಸನ್ ಅಚ್ಚು ಹಾಕಿಸಿದ ನಿಯಮಾವಳಿಯಲ್ಲಿ, ಶಕ್ತಿ ಮೀರಿ ಮಾಡಬೇಕಾಗಿಲ್ಲ ಎಂದಿದೆ. ಒಂದೇ ಸ್ಥಿತಿಯಲ್ಲಿರುವ ಬಡವರ ನಡುವೆ ಮಾತ್ರ, ಒಳ್ಳೆಯ ನಡತೆಯ ಸಹೋದರನನ್ನು ಮೊದಲು ನೋಡಬೇಕು. ಹೊರಗಿನವರು ಇದನ್ನು 'ತಮ್ಮವರಿಗೇ ಮಾಡಿಕೊಳ್ಳುತ್ತಾರೆ' ಎಂದು ತಿಳಿಯುತ್ತಾರೆ. ನಮ್ಮೊಳಗೂ ಕೆಲವರು ಹಾಗೇ ತಿಳಿದಿದ್ದಾರೆ. 'ಒಂದೇ ಸ್ಥಿತಿ' ಎನ್ನುವ ಷರತ್ತನ್ನು ಅವರು ಓದುವುದೇ ಇಲ್ಲ.

ಕಳೆದ ಮಳೆಗಾಲದಲ್ಲಿ ಬಾಗಲಕೋಟೆ ಕಡೆಯ ಹುಡುಗನೊಬ್ಬ, ನಮ್ಮ ಸೈಟಿನ ಗಾರೆ ಕೆಲಸದವನು, ಜ್ವರ ಬಂದು ಮಲಗಿದ. ಮಲೇರಿಯಾ. ಇಲ್ಲಿ ಕಟ್ಟಡ ಕೆಲಸದವರಿಗೆ ಅದು ಹಳೆಯ ಕಾಟ. ಪ್ಲೇಟ್‌ಲೆಟ್ ಇಳಿಯಿತು, ವೆನ್ಲಾಕ್ ಆಸ್ಪತ್ರೆಗೆ ಸೇರಿಸಿದೆವು. ಕೂಲಿ ನಿಂತರೆ ಊರಲ್ಲಿ ಅವನ ತಂಗಿ, ತಾಯಿ ಏನು ಮಾಡಬೇಕು? ಅದೇ ವಾರ ಲಾಡ್ಜಿನ ಸಹೋದರರೊಬ್ಬರು ಮಗಳ ಕಾಲೇಜು ಫೀಸಿಗೆ ಕೇಳಿದರು. ನನ್ನ ಕೈಯಲ್ಲಿದ್ದದ್ದು ಒಬ್ಬರಿಗೆ ಸಾಕಾಗುವಷ್ಟು.

ಫೀಸಿಗೆ ಸಮಯವಿತ್ತು. ಹುಡುಗನಿಗೆ ಇರಲಿಲ್ಲ. ಸಹೋದರರಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ಅವನಿಗೇ ಕೊಡಿ, ನಮ್ಮದು ಆಮೇಲೆ ನೋಡುವ" ಎಂದರು. ಅಷ್ಟಕ್ಕೇ ಸುಮ್ನಾಗಲಿಲ್ಲ. ರಾತ್ರಿ ಹುಡುಗನ ಹತ್ತಿರ ಕೂರಲು ಜನ ಇಲ್ಲ ಎಂದು ತಿಳಿದು ಅವರೇ ಗಂಜಿ ತೆಗೆದುಕೊಂಡು ಬಂದರು. ಮಾರನೆಯ ರಾತ್ರಿ ಇನ್ನೊಬ್ಬ ಸಹೋದರ ಬಂದರು. ಇವರು ಬ್ಯಾರಿ ಮುಸ್ಲಿಮರು, ಹಿಂದಿನ ದಿನದವರು ಕೊಂಕಣಿ ಕ್ಯಾಥೋಲಿಕ್. ಹುಡುಗ ಚೇತರಿಸಿಕೊಂಡ. ಫೀಸನ್ನು ಆಮೇಲೆ ನಾಲ್ಕೈದು ಜನ ಸೇರಿ ಹೊಂದಿಸಿದೆವು.

ಭಾರತದ ಲಾಡ್ಜುಗಳಲ್ಲಿ ಗೀತೆ, ಕುರಾನ್, ಬೈಬಲ್, ಗುರು ಗ್ರಂಥ ಸಾಹಿಬ್ ಒಟ್ಟಿಗೆ ಇರುತ್ತವೆ. ಒಬ್ಬೊಬ್ಬರು ತಮ್ಮ ಗ್ರಂಥದ ಮೇಲೆ ಕೈಯಿಟ್ಟು ಮಾತು ಕೊಡುತ್ತಾರೆ. ಒಳಗೆ ಧರ್ಮ, ರಾಜಕೀಯದ ಚರ್ಚೆ ಇಲ್ಲ. ನಮ್ಮ ಊರಿನಲ್ಲಿ ಇದು ಸಣ್ಣ ವಿಷಯ ಅಲ್ಲ. ಒಳಗೆ ಪಕ್ಕದಲ್ಲಿ ಕೂತು, ಹೊರಗೆ ಬಂದ ಮೇಲೆ ಮೊಬೈಲಿನಲ್ಲಿ ವಿಷ ಕಳಿಸುವವನು ಏನು ಮೇಸನ್? ನನಗೆ ಈ ವಿಷಯದಲ್ಲಿ ಸಿಟ್ಟು ಜಾಸ್ತಿ.

ಸಭೆಯಲ್ಲಿ ದಾನದ ಸಂಗ್ರಹ ಇರುತ್ತದೆ, ಎಲ್ಲರೂ ಹಾಕುತ್ತೇವೆ. ಹಣ ಹಾಕುವುದು ಸುಲಭ. ಕೋಲಿನಲ್ಲಿ ಅಳೆದು ಗಂಟೆಗಳನ್ನು ಕೊಡುವುದು ಕಷ್ಟ.

ಮೊನ್ನೆ ಮಣಿಪಾಲದಲ್ಲಿ ಓದಿದ ಯುವ ಎಂಜಿನಿಯರ್ ಒಬ್ಬ ಬಂದು, "ಅಂಕಲ್, ನನ್ನ ಅರ್ಜಿಗೆ ನೀವು ಸಹಿ ಹಾಕ್ತೀರಾ?" ಎಂದ. ಯಾಕೆ ಸೇರಬೇಕು ಎಂದು ಕೇಳಿದೆ. ಪರಿಚಯ ಬೆಳೆಯುತ್ತದೆ ಎಂದ. ನಾನು ಪಾಠ ಹೇಳಲಿಲ್ಲ. ನಮ್ಮ ಹಿರಿಯರೊಬ್ಬರಿಗೆ ಗುರುವಾರ ಡಯಾಲಿಸಿಸ್ ಇರುತ್ತದೆ, ಮಕ್ಕಳು ದುಬೈಯಲ್ಲಿದ್ದಾರೆ, ಬಿಜೈಯಿಂದ ಕರೆದುಕೊಂಡು ಹೋಗಲು ಕಾರು ಬೇಕು ಎಂದೆ. ಅವನು ಈಗ ಗುರುವಾರ ಬರುತ್ತಾನೆ. ಅರ್ಜಿಯ ಮಾತು ಮತ್ತೆ ಎತ್ತಿಲ್ಲ. ಎತ್ತಿದ ದಿನ ಸಹಿ ಹಾಕುತ್ತೇನೆ.