ಶೂ ಕಚ್ಚಿದ್ದು ಗೊತ್ತಾಗದ ಕಾಲಿಗೆ ಶೂ ಮಾಡುವ ಕೆಲಸ

ಮಧುಮೇಹ ಇರುವವರಿಗಾಗಿ ಪಾದರಕ್ಷೆ ತಯಾರಿಸುವ ಕಂಪನಿಯೊಂದರಲ್ಲಿ ಉತ್ಪನ್ನ ವಿಭಾಗ ನೋಡಿಕೊಳ್ಳುತ್ತೇನೆ. ಯಾವ ಮಾದರಿ ಮಾಡಬೇಕು, ಯಾವ ಅಳತೆಗಳಲ್ಲಿ ಮಾಡಬೇಕು, ಅಂಗಡಿಯಲ್ಲಿ ಅದನ್ನು ತೋರಿಸುವವರಿಗೆ ಏನು ಕಲಿಸಬೇಕು, ಇದೆಲ್ಲ ನನ್ನ ಪಾಲಿನ ಕೆಲಸ. ಇದಕ್ಕೂ ಮೊದಲು ಮಾಮೂಲಿ ಶೂಗಳ ವ್ಯಾಪಾರದಲ್ಲಿದ್ದೆ. ಅಲ್ಲಿ ಲೆಕ್ಕ ಸರಳ. ಗಿರಾಕಿ ಶೂ ಹಾಕಿಕೊಂಡು ನಾಲ್ಕು ಹೆಜ್ಜೆ ನಡೆಯುತ್ತಾರೆ, ಆರಾಮಾಗಿದೆ ಅನ್ನುತ್ತಾರೆ, ಬಿಲ್ ಆಗುತ್ತದೆ. ಕಚ್ಚಿದರೆ ಒಂದೆರಡು ದಿನದಲ್ಲೇ ವಾಪಸ್ ಬರುತ್ತದೆ. ಶೂ ಸರಿಯಿದೆಯೋ ಇಲ್ಲವೋ ಎಂದು ನೋಡುವ ಕೆಲಸವನ್ನು ನಾವು ಗಿರಾಕಿಯ ಕಾಲಿಗೇ ಬಿಟ್ಟಿರುತ್ತೇವೆ, ಕಾಲು ಅದನ್ನು ಚೆನ್ನಾಗಿಯೇ ಮಾಡುತ್ತದೆ. ಈ ಮಾರುಕಟ್ಟೆಯಲ್ಲಿ ಆ ಪರೀಕ್ಷೆ ನಡೆಯುವುದೇ ಇಲ್ಲ. ಇಂಥ ಶೂ ಯಾರಿಗೆ ಎಲ್ಲರಿಗಿಂತ ಹೆಚ್ಚು ಬೇಕೋ ಅವರಿಗೇ ಶೂ ಕಚ್ಚುತ್ತಿರುವುದು ತಿಳಿಯುವುದಿಲ್ಲ.

ಕಾರಣ ನರಗಳಲ್ಲಿದೆ. ರಕ್ತದ ಸಕ್ಕರೆ ವರ್ಷಗಟ್ಟಲೆ ಏರಿಯೇ ಉಳಿದರೆ ನರಗಳು ಹಾಳಾಗುತ್ತವೆ. ಮೊದಲ ಪೆಟ್ಟು ಬೀಳುವುದು ಅತಿ ಉದ್ದದ ನರಗಳಿಗೆ, ಹಾಗಾಗಿ ಜೋಮು ಕಾಲ್ಬೆರಳ ತುದಿಯಿಂದ ಶುರುವಾಗಿ ಮೇಲೇರುತ್ತದೆ. ಪಾದದ ಸಣ್ಣ ಸ್ನಾಯುಗಳೂ ಸೊರಗುವುದರಿಂದ ಬೆರಳುಗಳು ಹಕ್ಕಿಯ ಪಂಜದಂತೆ ಕೆಳಗೆ ಬಾಗುತ್ತವೆ. ಆಗ ಬೆರಳ ಗೆಣ್ಣುಗಳು ಶೂವಿನ ಮೇಲ್ಭಾಗಕ್ಕೆ ಉಜ್ಜುತ್ತವೆ, ಅಂಗಾಲಿನ ಮುಂಭಾಗದ ಮೂಳೆಗಳ ಮೇಲೆ ಭಾರ ಹೆಚ್ಚುತ್ತದೆ. ಬೆವರು ನಿಂತು ಚರ್ಮ ಒಣಗಿ ಬಿರುಕು ಬಿಡುತ್ತದೆ. ಅನೇಕರಲ್ಲಿ ರಕ್ತ ಸಂಚಾರವೂ ಕಡಿಮೆಯಾಗಿರುತ್ತದೆ, ಆದ ಗಾಯ ಬೇಗ ಮಾಯುವುದಿಲ್ಲ. ಮಧುಮೇಹ ಇರುವವರಲ್ಲಿ ಶೇ. 19ರಿಂದ 34ರಷ್ಟು ಜನರಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಪಾದದ ಹುಣ್ಣು ಆಗುವ ಸಾಧ್ಯತೆ ಇದೆ ಎಂಬ ಅಂದಾಜು 2017ರಲ್ಲಿ ಪ್ರಕಟವಾಯಿತು. ಮಾಯ್ದ ಹುಣ್ಣು ಒಂದು ವರ್ಷದೊಳಗೆ ಮರುಕಳಿಸುವುದು ಸುಮಾರು ಶೇ. 40 ಜನರಲ್ಲಿ. ನಾವು ಮಾಡುವ ಶೂ ಮುಖ್ಯವಾಗಿ ಈ ಎರಡನೇ ಗುಂಪಿಗಾಗಿ.

ಆಸ್ಪತ್ರೆಯ ಪಾದ ವಿಭಾಗದಲ್ಲಿ ಒಂದು ನೈಲಾನ್ ಎಳೆ ಇಟ್ಟುಕೊಂಡಿರುತ್ತಾರೆ, ಮಾನೋಫಿಲಮೆಂಟ್. 10 ಗ್ರಾಂ ಒತ್ತಡಕ್ಕೆ ಬಾಗುವಂತೆ ಅದನ್ನು ಮಾಡಿರುತ್ತಾರೆ. ರೋಗಿ ಕಣ್ಣು ಮುಚ್ಚಿರಬೇಕು, ಎಳೆಯನ್ನು ಅಂಗಾಲಿಗೆ ಬಾಗುವಷ್ಟು ಒತ್ತಿ "ಈಗ ಮುಟ್ಟಿದ್ದು ಗೊತ್ತಾಯ್ತಾ?" ಎಂದು ಕೇಳುತ್ತಾರೆ. ನಮ್ಮ ತಂಡಕ್ಕೆ ಹೊಸದಾಗಿ ಸೇರುವವರನ್ನೆಲ್ಲ ಮೊದಲು ಅಲ್ಲಿಗೆ ಕಳಿಸುತ್ತೇನೆ. ಎಳೆ ಬಿಲ್ಲಿನ ಹಾಗೆ ಬಾಗಿ ಚರ್ಮದಲ್ಲಿ ಸಣ್ಣ ಗುಳಿ ಬಿದ್ದಿದ್ದರೂ ಕುರ್ಚಿಯಲ್ಲಿ ಕೂತವರು ನಿಶ್ಚಿಂತೆಯಿಂದ "ಇನ್ನೂ ಮುಟ್ಟಿಲ್ಲ" ಎನ್ನುವುದನ್ನು ಕಣ್ಣಾರೆ ನೋಡಿದ ಮೇಲೆ, ಅವರಲ್ಲಿ ಯಾರೂ ಗಿರಾಕಿಯ "ಆರಾಮಾಗಿದೆ" ಎಂಬ ಮಾತಿನ ಮೇಲೆ ಶೂ ಪ್ಯಾಕ್ ಮಾಡುವುದಿಲ್ಲ.

ಇದರಿಂದ ಹುಟ್ಟುವ ಇನ್ನೊಂದು ವಿಚಿತ್ರ ಅಂಗಡಿಯಲ್ಲಿ ದಿನವೂ ಕಾಣುತ್ತದೆ. ಸ್ಪರ್ಶ ಕಡಿಮೆಯಾದವರು ಚಿಕ್ಕ ಶೂ ಕೇಳುತ್ತಾರೆ. ಬಿಗಿಯಾಗಿದ್ದರೆ ಮಾತ್ರ ಕಾಲಲ್ಲಿ ಏನೋ ಇದೆ ಅನಿಸುತ್ತದೆ, ಸರಿಯಾದ ಅಳತೆಯದು ಸಡಿಲ ಅನಿಸುತ್ತದೆ. ಹಿರಿಯರೊಬ್ಬರಿಗೆ ಅಳತೆ ನೋಡುತ್ತಿದ್ದಾಗ ನಡೆದದ್ದು ಹೇಳುತ್ತೇನೆ. "ಇದು ಜಾರುತ್ತೆ ಕಣಪ್ಪಾ, ಒಂದು ಸೈಜು ಚಿಕ್ಕದು ಕೊಡು. ನಲವತ್ತು ವರ್ಷದಿಂದ ಅದನ್ನೇ ಹಾಕ್ತಿದ್ದೀನಿ" ಅಂದರು. "ಕೊಡ್ತೀನಿ ಸರ್, ಒಂದ್ಸಲ ಈ ಕಾಗದದ ಮೇಲೆ ನಿಂತ್ಕೊಳ್ಳಿ" ಅಂದೆ. ಪೆನ್ಸಿಲ್ಲನ್ನು ನೆಟ್ಟಗೆ ಹಿಡಿದು ಪಾದದ ಸುತ್ತ ಗೆರೆ ಎಳೆದೆ. ಅವರ ಹಳೆಯ ಶೂವಿನೊಳಗಿನ ಇನ್‌ಸೋಲ್ ಕಿತ್ತು ಆ ಗೆರೆಯ ಮೇಲಿಟ್ಟೆ. ಕಿರುಬೆರಳಿನ ಕಡೆ ಗೆರೆ ಇನ್‌ಸೋಲ್‌ನಿಂದ ಆಚೆಗೆ ಚಾಚಿತ್ತು. ಅವರು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. ಆಮೇಲೆ ಕಾಲ್ಚೀಲ ತೆಗೆದು ಕಿರುಬೆರಳನ್ನೂ ನೋಡಿಕೊಂಡರು, ಹೊರಬದಿಯಲ್ಲಿ ಚರ್ಮ ದಪ್ಪವಾಗಿ ಹಳದಿಗಟ್ಟಿತ್ತು. ಅಳತೆಯ ಬಗ್ಗೆ ಬೇರೆ ಮಾತು ಬೇಕಾಗಲಿಲ್ಲ. ಅಂದಿನಿಂದ ನಮ್ಮ ಮಾರಾಟ ತರಬೇತಿಯಲ್ಲಿ ಭಾಷಣದ ಪುಟಗಳು ಕಡಿಮೆಯಾದವು, ಕಾಗದ ಪೆನ್ಸಿಲ್ ಬಂದವು.

ಅಳತೆಯ ನಿಯಮಗಳು ಹೊಸವಲ್ಲ. ಐಡಬ್ಲ್ಯೂಜಿಡಿಎಫ್ ಎಂಬ ಅಂತರರಾಷ್ಟ್ರೀಯ ತಜ್ಞರ ಗುಂಪು ಮಧುಮೇಹ ಪಾದದ ಕುರಿತು ಮಾರ್ಗಸೂಚಿ ಹೊರತರುತ್ತದೆ. ಶೂವಿನ ಒಳ ಉದ್ದ ಪಾದಕ್ಕಿಂತ 1ರಿಂದ 2 ಸೆಂಟಿಮೀಟರ್ ಹೆಚ್ಚಿರಬೇಕು, ಒಳ ಅಗಲ ಬೆರಳುಗಳ ಬುಡದಲ್ಲಿ ಪಾದ ಎಷ್ಟು ಅಗಲವೋ ಅಷ್ಟಿರಬೇಕು, ಎಲ್ಲ ಬೆರಳುಗಳಿಗೂ ಸಾಕಷ್ಟು ಎತ್ತರ ಇರಬೇಕು, ನಿಂತುಕೊಂಡೇ ನೋಡಬೇಕು, ಸಾಧ್ಯವಾದರೆ ದಿನದ ಕೊನೆಗೆ, ಪಾದ ಊದಿಕೊಂಡಿರುವಾಗ. ಓದಲು ಸುಲಭ. ಆದರೆ ಇದನ್ನು ಗೋದಾಮಿನ ಭಾಷೆಗೆ ತಂದಾಗ ಎಲ್ಲರ ಮುಖ ಸಪ್ಪಗಾಗುತ್ತದೆ. ಒಂದೇ ಮಾದರಿಯನ್ನು ಅರ್ಧರ್ಧ ಸೈಜಿನಲ್ಲಿ, ಪ್ರತಿ ಸೈಜನ್ನೂ ಮೂರು ನಾಲ್ಕು ಅಗಲಗಳಲ್ಲಿ, ಒಳಗೆ ದಪ್ಪ ಇನ್‌ಸೋಲ್ ಕೂರುವಷ್ಟು ಆಳವಾಗಿ ಮಾಡಬೇಕು. ಬಣ್ಣ ಎರಡಾದರೆ ದಾಸ್ತಾನೂ ಇಮ್ಮಡಿ. ಒಬ್ಬರದೇ ಎಡಗಾಲು ಬಲಗಾಲು ಬೇರೆ ಅಳತೆ ಇರುವುದೂ ಸಾಮಾನ್ಯ. ಅಂಗಡಿಯವರು ಬೇಗ ಖರ್ಚಾಗುವ ನಡುವಿನ ಸೈಜುಗಳನ್ನೇ ಒಂದೇ ಅಗಲದಲ್ಲಿ ತರಿಸಿಕೊಳ್ಳುತ್ತಾರೆ. ಅವರದು ತಪ್ಪು ಎನ್ನಲಾರೆ, ಕಪಾಟಿನಲ್ಲಿ ಕೂತ ಸರಕು ಅವರ ದುಡ್ಡು. ಆದರೆ ಇದರ ಫಲವಾಗಿ ನಿಜವಾಗಿ ಅಗಲ ಪಾದ ಇರುವವರು ಉದ್ದದ ಸೈಜು ಏರಿಸಿಕೊಂಡು ಹೋಗುತ್ತಾರೆ, ಹಿಮ್ಮಡಿ ಜಾರುತ್ತದೆ, ಅಲ್ಲಿ ಉಜ್ಜಿ ಬೊಬ್ಬೆ ಏಳುತ್ತದೆ. ಹಾಗಾಗಿ ಹತ್ತು ಮಾದರಿ ಮಾಡುವ ಬದಲು ಮೂರೇ ಮಾದರಿ ಮಾಡಿ, ಅವನ್ನು ಎಲ್ಲ ಅಗಲಗಳಲ್ಲೂ ಇಡಬೇಕು ಎಂದು ನಾನು ಪ್ರತಿ ಯೋಜನಾ ಸಭೆಯಲ್ಲೂ ಪಟ್ಟು ಹಿಡಿಯುತ್ತೇನೆ.

ಇಂಥ ಸಭೆಗಳಲ್ಲಿ ತಪ್ಪದೆ ಬರುವ ಒಂದು ಸ್ಲೈಡ್ ಇದೆ: 2024ರಲ್ಲಿ ಜಗತ್ತಿನಲ್ಲಿ ಮಧುಮೇಹ ಇದ್ದ ವಯಸ್ಕರು 58.9 ಕೋಟಿ ಎಂಬ ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟದ ಅಂದಾಜು. ಅದರ ಕೆಳಗೆ "ನಮ್ಮ ಮಾರುಕಟ್ಟೆ" ಎಂದು ಬರೆದಿರುತ್ತಾರೆ. ಅಂಕಿ ಸರಿ, ಓದಿಕೊಂಡ ರೀತಿ ಸರಿಯಲ್ಲ. ಸ್ಪರ್ಶ ಚೆನ್ನಾಗಿದ್ದು, ರಕ್ತ ಸಂಚಾರವೂ ಸರಿಯಿರುವವರನ್ನು ಮಾರ್ಗಸೂಚಿ ಸೊನ್ನೆ ಅಪಾಯದ ಗುಂಪಿಗೆ ಸೇರಿಸುತ್ತದೆ. ಅವರಿಗೆ ಬೇಕಾದದ್ದು ಸರಿಯಾದ ಅಳತೆಯ ಒಳ್ಳೆಯ ಮಾಮೂಲಿ ಶೂ ಮತ್ತು ವರ್ಷಕ್ಕೊಮ್ಮೆ ಪಾದ ತಪಾಸಣೆ. ಸ್ಪರ್ಶ ಹೋಗಿ ಜೊತೆಗೆ ಪಾದದ ಆಕಾರವೂ ಕೆಟ್ಟವರಿಗೆ ಹೆಚ್ಚು ಆಳದ ಶೂ, ಕೆಲವೊಮ್ಮೆ ಅಳತೆ ಕೊಟ್ಟು ಮಾಡಿಸಿದ್ದು ಬೇಕು. ಅಂಗಾಲಿನಲ್ಲಿ ಒಮ್ಮೆ ಹುಣ್ಣಾಗಿ ಮಾಯ್ದವರಿಗೆ ಒತ್ತಡ ಇಳಿಸುತ್ತದೆ ಎಂದು ಅಳೆದು ತೋರಿಸಿದ ಶೂವೇ ಬೇಕು. ಶೂವಿನೊಳಗೆ ಅತಿ ಹೆಚ್ಚು ಒತ್ತಡ ಬೀಳುವ ಜಾಗದಲ್ಲಿ ಅದು ಶೇ. 30ರಷ್ಟಾದರೂ ಇಳಿಯಬೇಕು, ಇಲ್ಲವೇ 200 ಕಿಲೋಪಾಸ್ಕಲ್‌ಗಿಂತ ಕೆಳಗಿರಬೇಕು. ಈ ಮೂರೂ ಗುಂಪುಗಳಿಗೆ ಒಂದೇ ಪೆಟ್ಟಿಗೆ, ಒಂದೇ "ಡಯಾಬಿಟಿಕ್" ಚೀಟಿ ಅಂಟಿಸಿ ಮಾರಿದರೆ ಮೊದಲ ಗುಂಪಿನವರ ಹಣ ಹಾಳು, ಮೂರನೇ ಗುಂಪಿನವರ ಕಾಲಿಗೇ ಅಪಾಯ.

ಆ ಚೀಟಿಯ ಹಿಂದೆ ಹೆಚ್ಚಾಗಿ ಇರುವುದು ಮೆತ್ತಗಿನ ಫೋಮ್, ಅಷ್ಟೇ. ಮೆತ್ತಗಿದ್ದರೆ ಒಳ್ಳೆಯದು ಎಂಬ ನಂಬಿಕೆ ಗಿರಾಕಿಗಳಲ್ಲೂ ಅಂಗಡಿಯವರಲ್ಲೂ ಬಲವಾಗಿದೆ. ಹೆಬ್ಬೆರಳಿನಿಂದ ಇನ್‌ಸೋಲ್ ಒತ್ತಿ ನೋಡಿ. ಬೆರಳು ಸಲೀಸಾಗಿ ತಳ ಮುಟ್ಟಿತೋ, ನಿಮ್ಮ ಪೂರ್ತಿ ಮೈಭಾರ ಬಿದ್ದಾಗ ಅಲ್ಲಿ ಏನೂ ಉಳಿಯುವುದಿಲ್ಲ. ಈ ವಿಷಯದಲ್ಲಿ ನಮ್ಮ ಕಸುಬಿನ ಹಿರಿಯ ಡಾ. ಪಾಲ್ ಬ್ರಾಂಡ್. 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದ ಆ ಶಸ್ತ್ರವೈದ್ಯರು, ಕುಷ್ಠರೋಗಿಗಳ ಪಾದ ಹಾಳಾಗುವುದು ರೋಗಾಣು ಮಾಂಸ ತಿನ್ನುವುದರಿಂದ ಅಲ್ಲ, ನೋವು ತಿಳಿಯದ ಕಾಲಿನ ಮೇಲೆ ಮತ್ತೆ ಮತ್ತೆ ಬೀಳುವ ಒತ್ತಡ ಮತ್ತು ಗಾಯಗಳಿಂದ ಎಂದು ತೋರಿಸಿಕೊಟ್ಟರು. ಕುಷ್ಠರೋಗಿಗಳಿಗಾಗಿ ಬಳಕೆಗೆ ಬಂದ ಎಂಸಿಆರ್, ಅಂದರೆ ಸೂಕ್ಷ್ಮ ಗುಳ್ಳೆಗಳ ರಬ್ಬರ್, ಇಂದಿಗೂ ಮಧುಮೇಹಿಗಳ ಚಪ್ಪಲಿಯ ಒಳಹಾಸು. ಕಾಲಿನ ಕೆಳಗೆ ಎಂಸಿಆರ್, ಅದರ ಕೆಳಗೆ ಮುಳ್ಳು ಮೊಳೆ ದಾಟದ ಗಟ್ಟಿ ಅಟ್ಟೆ ಎಂಬ ಜೋಡಣೆಗೆ ಸರಿಸಾಟಿಯಾದದ್ದನ್ನು ಅದೇ ಖರ್ಚಿನಲ್ಲಿ ಮಾಡುವುದು ಸುಲಭವಲ್ಲ. ಮುಂಭಾಗದ ಒತ್ತಡ ಇನ್ನೂ ಇಳಿಯಬೇಕಾದವರಿಗೆ ರಾಕರ್ ಅಟ್ಟೆ ಬೇಕು: ಬಾಗದ ಗಟ್ಟಿ ತಳ, ಬೆರಳ ಬುಡಕ್ಕಿಂತ ಸ್ವಲ್ಪ ಹಿಂದಿನಿಂದಲೇ ಮುಂದಕ್ಕೆ ಉರುಳುವ ಆಕಾರ. ಕೈಯಲ್ಲಿ ಹಿಡಿದರೆ ಕಲ್ಲಿನಂತಿರುವ ಈ ಶೂವನ್ನು "ಆರಾಮ" ಎಂದು ಮಾರಲು ಆಗುವುದಿಲ್ಲ, ಅಂಗಾಲು ಉಳಿಸುವುದು ಮಾತ್ರ ಇದೇ.

ಹಾಗಾದರೆ ಇಂಥ ಶೂ ಹುಣ್ಣನ್ನು ತಡೆಯುತ್ತದೆಯೇ? 1995ರಲ್ಲಿ ಇಟಲಿಯ ಅಧ್ಯಯನವೊಂದರಲ್ಲಿ ಚಿಕಿತ್ಸಕ ಶೂ ಹಾಕಿದವರಲ್ಲಿ ಒಂದು ವರ್ಷಕ್ಕೆ ಶೇ. 27.7 ಜನರಿಗೆ ಹುಣ್ಣು ಮರುಕಳಿಸಿತು, ತಮ್ಮದೇ ಶೂ ಹಾಕಿದವರಲ್ಲಿ ಶೇ. 58.3. ಆದರೆ 2002ರಲ್ಲಿ ಅಮೆರಿಕದಲ್ಲಿ 400 ಜನರ ಮೇಲೆ ನಡೆದ ಅಧ್ಯಯನದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ನನ್ನ ಕೆಲಸದ ದಿಕ್ಕು ಬದಲಿಸಿದ್ದು 2013ರ ಡಚ್ ಅಧ್ಯಯನ. ಒತ್ತಡ ಅಳೆದು ತಿದ್ದಿದ ಶೂ ಪಡೆದವರಲ್ಲಿ 18 ತಿಂಗಳಿಗೆ ಹುಣ್ಣು ಮರುಕಳಿಸಿದ್ದು ಶೇ. 38.8, ತಿದ್ದದೆ ಕೊಟ್ಟವರಲ್ಲಿ ಶೇ. 44.2. ಅಂತರ ಸಣ್ಣದು. ಆದರೆ ನಡೆದ ಹೆಜ್ಜೆಗಳಲ್ಲಿ ಶೇ. 80ಕ್ಕಿಂತ ಕಡಿಮೆಯಿಲ್ಲದಂತೆ ಕೊಟ್ಟ ಶೂವಿನಲ್ಲೇ ನಡೆದವರನ್ನು ಮಾತ್ರ ತೆಗೆದುಕೊಂಡರೆ, ತಿದ್ದಿದ ಶೂ ಪಡೆದವರಲ್ಲಿ ಶೇ. 25.7, ತಿದ್ದದ ಶೂ ಪಡೆದವರಲ್ಲಿ ಶೇ. 47.8. ಅದೇ ತಂಡ ಜನ ಎಷ್ಟು ಹೆಜ್ಜೆ ಆ ಶೂವಿನಲ್ಲಿ ನಡೆಯುತ್ತಾರೆ ಎಂದೂ ಅಳೆಯಿತು. ಹೊರಗೆ ಹೋದಾಗ ಶೇ. 87, ಮನೆಯೊಳಗೆ ಶೇ. 61. ಹೆಚ್ಚು ಓಡಾಟ ನಡೆಯುವುದು ಮನೆಯಲ್ಲೇ.

ಇದನ್ನು ಓದಿದ ಮೇಲೆ ಉತ್ಪನ್ನಗಳ ಪಟ್ಟಿಯನ್ನು ಮನೆಯ ಒಳಗಿನಿಂದ ಶುರುಮಾಡಿದೆವು. ಬೆಳಿಗ್ಗೆ ಎದ್ದ ತಕ್ಷಣ ಬಗ್ಗದೆ ಕಾಲು ತೂರಿಸಬಹುದಾದ, ಹಗುರವಾದ, ಹಿಮ್ಮಡಿಗೆ ಪಟ್ಟಿ ಇರುವ, ಒಳಗೆ ಅದೇ ವೈದ್ಯಕೀಯ ಇನ್‌ಸೋಲ್ ಇರುವ ಮನೆ ಪಾದರಕ್ಷೆ. ಅದಕ್ಕೆ ಬೂಟಿನ ಗಾಂಭೀರ್ಯ ಇಲ್ಲ, ಲಾಭವೂ ಕಡಿಮೆ. ಆದರೆ ಹೊರಗಿನ ಜೋಡಿಯನ್ನು ಬಾಗಿಲ ಬಳಿ ಬಿಟ್ಟ ಮೇಲೆ ಬರಿಗಾಲಲ್ಲಿ ಕಳೆಯುತ್ತಿದ್ದ ಗಂಟೆಗಳನ್ನು ಅದು ತುಂಬುತ್ತದೆ. ರೂಪದ ವಿಷಯವೂ ಇದಕ್ಕೇ ಸೇರಿದ್ದು. ನೋಡಿದವರು "ಕಾಲಿಗೇನಾಯ್ತು?" ಎಂದು ಕೇಳುವಂಥ ಶೂ ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಹೆಂಗಸರು ಇದನ್ನು ನೇರವಾಗಿ ಹೇಳುತ್ತಾರೆ, ಗಂಡಸರು ಹೇಳದೆ ಹಾಕುವುದು ಬಿಡುತ್ತಾರೆ. ಹೊಲಿಗೆ ಬೆರಳ ಮೇಲೆ ಬಾರದಂತೆ, ಬೆಲ್ಟು ಅಗಲವಾಗಿಯೂ ಚೆಂದವಾಗಿಯೂ ಕಾಣುವಂತೆ ವಿನ್ಯಾಸಕಾರರು ಪಡುವ ಶ್ರಮವನ್ನು ನಾನು ಚಿಕಿತ್ಸೆಯ ಭಾಗ ಎಂದೇ ನೋಡುತ್ತೇನೆ.

ಯಾರು ಹಣ ಕೊಡುತ್ತಾರೆ ಎನ್ನುವುದರ ಮೇಲೂ ಈ ಮಾರುಕಟ್ಟೆಯ ಆಕಾರ ನಿಂತಿದೆ. ಅಮೆರಿಕದ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ 1993ರಿಂದ ಅರ್ಹ ಮಧುಮೇಹಿಗಳಿಗೆ ವರ್ಷಕ್ಕೆ ಒಂದು ಜೊತೆ ಹೆಚ್ಚು ಆಳದ ಶೂ ಮತ್ತು ಮೂರು ಜೊತೆ ಇನ್‌ಸೋಲ್‌ಗೆ ನೆರವು ಕೊಡುತ್ತಿದೆ. ಮಧುಮೇಹ ನೋಡಿಕೊಳ್ಳುವ ವೈದ್ಯರು ಅಗತ್ಯವನ್ನು ಬರೆದುಕೊಡಬೇಕು. ಆ ಮೂರು ಜೊತೆ ಎಂಬುದರಲ್ಲಿ ವಿವೇಕವಿದೆ. ಮೇಲಿನ ಚರ್ಮ ಹೊಳೆಯುತ್ತಿರುವಾಗಲೇ ಒಳಗಿನ ಇನ್‌ಸೋಲ್ ಚಪ್ಪಟೆಯಾಗಿರುತ್ತದೆ. ಜೇಬಿನಿಂದ ಕೊಟ್ಟು ಕೊಂಡವರು ಶೂ ಇನ್ನೂ ಹೊಸದರಂತಿದೆ ಎಂದು ಅದನ್ನೇ ಸವೆಸುತ್ತಾರೆ. ಇನ್‌ಸೋಲ್‌ಗಳನ್ನು ಬಿಡಿಯಾಗಿ ಮಾರುವುದು ನಮಗೆ ತಲೆನೋವಿನ ಕೆಲಸವಾದರೂ ನಿಲ್ಲಿಸಿಲ್ಲ.

ಮಾರಬಾರದ ಸಂದರ್ಭಗಳನ್ನೂ ತರಬೇತಿಯಲ್ಲಿ ಕಲಿಸುತ್ತೇವೆ. ತೆರೆದ ಗಾಯ ಕಂಡರೆ ಶೂ ತೋರಿಸಬಾರದು. ನೋವಿಲ್ಲದಿದ್ದರೂ ಒಂದು ಪಾದ ಊದಿ, ಕೆಂಪಾಗಿ, ಇನ್ನೊಂದಕ್ಕಿಂತ ಬಿಸಿಯಾಗಿದ್ದರೆ ಅಂದೇ ವೈದ್ಯರ ಬಳಿ ಹೋಗಲು ಹೇಳಬೇಕು. ಒಳಗೆ ಮೂಳೆಗಳು ಮುರಿದು ಪಾದ ಕುಸಿಯುವ ಶಾರ್ಕೋ ಎಂಬ ಸ್ಥಿತಿ ಹೀಗೇ ಶುರುವಾಗುತ್ತದೆ, ಅದಕ್ಕೆ ಬೇಕಾದದ್ದು ಕಾಲು ಅಲುಗಾಡದಂತೆ ಹಾಕುವ ಕಟ್ಟು.

ಮಾರಿದ ಮೇಲೆ ಪೆಟ್ಟಿಗೆಯಲ್ಲಿ ಒಂದು ಕಾರ್ಡ್ ಇಡುತ್ತೇವೆ. ಮೊದಲ ದಿನ ಒಂದೆರಡು ಗಂಟೆ ಮಾತ್ರ ಹಾಕಿ, ತೆಗೆದು ಪಾದ ನೋಡಿ, ಅಂಗಾಲು ಕಾಣದಿದ್ದರೆ ಕನ್ನಡಿ ಹಿಡಿಯಿರಿ ಅಥವಾ ಮನೆಯವರಿಗೆ ತೋರಿಸಿ. ಹಾಕುವ ಮುಂಚೆ ಪ್ರತಿ ಸಲವೂ ಒಳಗೆ ಕೈಯಾಡಿಸಿ, ಕಲ್ಲೋ ಮಡಚಿದ ಒಳಹಾಸೋ ಇರಬಹುದು. ಕೆಂಪು ಗುರುತು ಬೇಗ ಮಾಯವಾಗದಿದ್ದರೆ ಆ ಜೋಡಿಯನ್ನು ಮತ್ತೆ ಹಾಕಬೇಡಿ, ತನ್ನಿ, ಬದಲಿಸಿ ಕೊಡುತ್ತೇವೆ. ಈ ಕಾರ್ಡ್ ಇಟ್ಟ ಮೇಲೆ ವಾಪಸಾಗುವ ಶೂಗಳು ಹೆಚ್ಚಿದವು. ಅವನ್ನು ನಷ್ಟದ ಖಾತೆಗೆ ಹಾಕಬೇಡಿ, ಮಾರಾಟದ ಖರ್ಚಿಗೇ ಸೇರಿಸಿ ಎಂದು ಲೆಕ್ಕಪತ್ರ ವಿಭಾಗದವರೊಡನೆ ಈಗಲೂ ಮಾತುಕತೆ ನಡೆಸುತ್ತಿದ್ದೇನೆ.