ಹಕ್ಕಿ ಪತ್ರದ ಲೆಕ್ಕ: ಓದುವವರು ಒಬ್ಬರು, ಕೊಳ್ಳುವವರು ಇನ್ನೊಬ್ಬರು

ಸೆಪ್ಟೆಂಬರ್

ಮೈಸೂರಿನ ಕೆರೆ ಹಕ್ಕಿಗಳ ಬಗ್ಗೆ ಕನ್ನಡದಲ್ಲಿ ತಿಂಗಳಿಗೆ ಎರಡು ಇಮೇಲ್ ಕಳಿಸಬೇಕು. ಬೈನಾಕ್ಯುಲರ್, ಹಕ್ಕಿ ಗುರುತಿಸುವ ಪುಸ್ತಕ, ಟೋಪಿ ಇಂಥವುಗಳಲ್ಲಿ ಯಾವುದು ಒಳ್ಳೆಯದು ಅಂತ ಹೇಳಿ, ಅಫಿಲಿಯೇಟ್ ಲಿಂಕ್‌ನಿಂದ ಸ್ವಲ್ಪ ಕಮಿಷನ್ ಬರುವಂತೆ ಮಾಡಬೇಕು (ಆ ಲಿಂಕ್ ಒತ್ತಿ ಹೋಗಿ ಯಾರಾದರೂ ಕೊಂಡರೆ ಅಂಗಡಿಯವರು ನನಗೆ ಕೊಡುವ ಪಾಲು). ಯೋಜನೆ ಇಷ್ಟೇ. ಡೊಮೇನ್ ಮತ್ತು ಇಮೇಲ್ ಸೇವೆಯ ಖರ್ಚು ಹುಟ್ಟಿದರೆ ಸಾಕು. ಉಳಿದರೆ ಒಂದು ಸ್ಪಾಟಿಂಗ್ ಸ್ಕೋಪ್ (ದೂರದ ಹಕ್ಕಿ ನೋಡುವ ದುರ್ಬೀನು) ಕೊಳ್ಳುವ ಆಸೆ ಇದೆ. ಕೆಲಸ ಬಿಟ್ಟು ಇದನ್ನೇ ಮಾಡುವ ಹುಚ್ಚೇನಿಲ್ಲ.

ಹಕ್ಕಿಯೇ ಯಾಕೆ? ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಬೈನಾಕ್ಯುಲರ್ ನೇತುಹಾಕಿಕೊಂಡು ನಿಂತರೆ ವಾಕಿಂಗ್ ಬಂದವರಲ್ಲಿ ಒಬ್ಬರಾದರೂ ನಿಂತು ಕೇಳುತ್ತಾರೆ: ‘ಇದಕ್ಕೆ ಎಷ್ಟಾಯ್ತು ಸಾರ್? ಎಲ್ಲಿ ತಗೊಂಡ್ರಿ?’ ಹಕ್ಕಿಯ ಹೆಸರನ್ನು ಆಮೇಲೆ ಕೇಳುತ್ತಾರೆ. ಕೊಳ್ಳುವ ಮನಸ್ಸಿದ್ದೂ ಯಾವುದು ಅಂತ ತಿಳಿಯದ ಜನ ಇದ್ದಾರೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

‘ನನ್ನ ಪತ್ರಕ್ಕೆ ಸೇರಿ’ ಅಂತ ಸುಮ್ನೆ ಕೇಳಿದರೆ ಯಾರೂ ಸೇರುವುದಿಲ್ಲ. ಅದಕ್ಕೇ ಸೇರಿದವರಿಗೆ ಕೊಡಲು ಒಂದು ಹಾಳೆ ಮಾಡಿದೆ. ಎ4 ಅಳತೆ, ಎರಡೂ ಬದಿ, ಮಡಚಿದರೆ ಅಂಗಿ ಜೇಬಿಗೆ ಹೋಗುತ್ತದೆ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ನೀರುಕಾಗೆ, ಬೆಳ್ಳಕ್ಕಿ, ಮಿಂಚುಳ್ಳಿ, ಟಿಟ್ಟಿಭ. ನಾಮದ ಕೋಳಿ ಮತ್ತು ಗುಳುಮುಳುಕ ಹೊಸಬರಿಗೆ ದೂರದಿಂದ ಒಂದೇ ಥರ ಕಾಣುತ್ತವೆ, ಹಾಗಾಗಿ ಅವೆರಡನ್ನೂ ಪಕ್ಕಪಕ್ಕ ಇಟ್ಟೆ. ಫೋಟೋಗಳು ಗೆಳೆಯನವು, ಕೇಳಿಯೇ ಹಾಕಿದ್ದು. ಯಾವುದೋ ಜಾಲತಾಣದಿಂದ ಎತ್ತಿದ ಫೋಟೋ ಹಾಕಿ ಅದರ ಮೇಲೆ ವ್ಯಾಪಾರ ಕಟ್ಟುವುದು ಬೇಡ.

ಅಕ್ಟೋಬರ್

ಹಾಳೆಯ ಕ್ಯೂಆರ್ ಕೋಡ್ ಮುದ್ರಿಸಿಕೊಂಡು ಕೆರೆ ಹತ್ತಿರ ಹೋದೆ. ಜನ ಹಾಳೆ ನೋಡಿ ಖುಷಿಪಟ್ಟರು. ಇಮೇಲ್ ಅಂದ ತಕ್ಷಣ ಮುಖ ಬದಲಾಯಿತು.

‘ವಾಟ್ಸಾಪ್‌ಗೇ ಕಳಿಸಿಬಿಡಿ ಸಾರ್.’

‘ಇಮೇಲಾ? ಅದು ನನ್ನ ಮಗನ ಹತ್ರ ಇದೆ.’

ಇದು ತಮಾಷೆಯಲ್ಲ. ಐವತ್ತು ದಾಟಿದ ತುಂಬಾ ಜನರ ಜಿಮೇಲ್ ಐಡಿಯನ್ನು ಮೊಬೈಲ್ ಅಂಗಡಿಯ ಹುಡುಗ ಮಾಡಿಕೊಟ್ಟಿರುತ್ತಾನೆ. ಹೆಸರಿನ ಮುಂದೆ ಯಾವುದೋ ಅಂಕಿಗಳು. ಅವರಿಗೆ ಅದು ಪ್ಲೇಸ್ಟೋರ್ ತೆರೆಯುವ ಬೀಗದಕೈ ಮಾತ್ರ, ಅಲ್ಲಿಗೆ ಯಾರಾದರೂ ಪತ್ರ ಬರೆಯಬಹುದು ಅನ್ನುವ ಯೋಚನೆಯೇ ಇಲ್ಲ. ಜಿಮೇಲ್ ಆ್ಯಪ್ ತೆರೆದು ತೋರಿಸಿದರೆ ಬ್ಯಾಂಕಿನದು, ಕರೆಂಟ್ ಬಿಲ್ಲಿನದು, ಓದದ ಸಾವಿರಾರು ಮೇಲ್‌ಗಳು.

ಹಾಗಾದರೆ ವಾಟ್ಸಾಪ್‌ನಲ್ಲೇ ಯಾಕೆ ಮಾಡಲಿಲ್ಲ? ಯೋಚಿಸಿದೆ. ಅಲ್ಲಿ ನಾನು ಬರೆದದ್ದು ಗುಡ್ ಮಾರ್ನಿಂಗ್ ಚಿತ್ರಗಳ ಕೆಳಗೆ ಹೋಗಿ ಮಧ್ಯಾಹ್ನದೊಳಗೆ ಕಾಣೆಯಾಗುತ್ತದೆ. ಬೈನಾಕ್ಯುಲರ್ ಕೊಳ್ಳುವ ನಿರ್ಧಾರ ಮೂರು ತಿಂಗಳ ಮೇಲೆ ಆಗುವಂಥದ್ದು. ಆಗ ಹಳೇ ಪತ್ರ ಹುಡುಕಿದರೆ ಸಿಗಬೇಕು. ಅದಕ್ಕೆ ಇಮೇಲೇ ಸರಿ. ಜೊತೆಗೆ ಯಾರ ಫೋನ್ ನಂಬರೂ ನನಗೆ ಬೇಡ.

ಸೇರುವ ಫಾರಂನಲ್ಲಿ ಎರಡೇ ಖಾನೆ: ಹೆಸರು, ಇಮೇಲ್. ಕೊಟ್ಟ ವಿಳಾಸಕ್ಕೆ ಮೊದಲು ಒಂದು ಖಚಿತಪಡಿಸುವ ಮೇಲ್ ಹೋಗುತ್ತದೆ, ಅದರ ಬಟನ್ ಒತ್ತಿದರೆ ಮಾತ್ರ ಪಟ್ಟಿಗೆ ಸೇರುತ್ತಾರೆ. ಡಾಟ್ ಕಾಮ್ ಬದಲು ಡಾಟ್ ಕಾನ್ ಅಂತ ಬರೆದ ವಿಳಾಸಗಳೆಲ್ಲ ಅಲ್ಲೇ ಉದುರಿಹೋಗುತ್ತವೆ. ಇಮೇಲ್ ಸೇವೆಯವರು ಕೊಟ್ಟ ಇಂಗ್ಲಿಷ್ ಮೇಲ್ ತೆಗೆದು, ಬಟನ್ ಮೇಲೆ ‘ಹೌದು, ಪತ್ರ ಬರಲಿ’ ಅಂತ ಹಾಕಿದ ಮೇಲೆ ಒತ್ತುವವರು ಗೊತ್ತಾಗುವಷ್ಟು ಜಾಸ್ತಿಯಾದರು. ಮುಂಚೆ ಅದನ್ನು ಬ್ಯಾಂಕಿನ ಮೋಸದ ಮೇಲ್ ಅಂದುಕೊಂಡವರೂ ಇದ್ದರಂತೆ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆಯಲ್ಲಿ ನನಗೆ ಹಿಡಿಸಿದ ಮಾತು ಒಂದಿದೆ: ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ವಾಪಸ್ ತೆಗೆದುಕೊಳ್ಳುವುದೂ ಅಷ್ಟೇ ಸುಲಭವಾಗಿರಬೇಕು. ಮಾಹಿತಿ ಯಾಕೆ ಕೇಳುತ್ತಿದ್ದೀರಿ ಅನ್ನುವ ಸೂಚನೆಯನ್ನು ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಲ್ಲಿ ಓದುವ ಆಯ್ಕೆ ಜನರಿಗೆ ಇರಬೇಕು ಅಂತಲೂ ಅದು ಹೇಳುತ್ತದೆ. ನನ್ನದು ಹೇಗೂ ಕನ್ನಡದಲ್ಲೇ ಇದೆ.

ನಡುವೆ ಒಬ್ಬರು ಮೆಸೇಜ್ ಮಾಡಿ ಸಾವಿರಾರು ಇಮೇಲ್‌ಗಳ ರೆಡಿ ಪಟ್ಟಿ ಕೊಡುತ್ತೇವೆ ಅಂದರು. ಬೇಡ ಅಂದೆ. ಕೇಳದವರಿಗೆ ಕಳಿಸಿದರೆ ಅವರು ಸ್ಪ್ಯಾಮ್ ಅಂತ ಒತ್ತುತ್ತಾರೆ. ಅಂಥ ಪಟ್ಟಿಗಳಲ್ಲಿ ಸ್ಪ್ಯಾಮ್ ಹಿಡಿಯಲೆಂದೇ ಇಟ್ಟ ವಿಳಾಸಗಳೂ ಸೇರಿರುತ್ತವೆ. ಒಮ್ಮೆ ಡೊಮೇನ್‌ಗೆ ಕೆಟ್ಟ ಹೆಸರು ಬಂದರೆ, ಕೇಳಿ ಸೇರಿದವರಿಗೂ ಪತ್ರ ತಲುಪುವುದಿಲ್ಲ.

ನವೆಂಬರ್

ತಾಂತ್ರಿಕ ಕೆಲಸದ ತಿಂಗಳು. ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರನ್ನೂ ಡೊಮೇನ್‌ನ ಡಿಎನ್‌ಎಸ್‌ನಲ್ಲಿ, ಅಂದರೆ ಡೊಮೇನ್ ವಿವರಗಳ ಸಾರ್ವಜನಿಕ ದಾಖಲೆಯಲ್ಲಿ, ಹಾಕಿದೆ. ಈ ಪತ್ರ ನಿಜಕ್ಕೂ ಈ ಡೊಮೇನಿನವರೇ ಕಳಿಸಿದ್ದು ಅಂತ ಜಿಮೇಲ್‌ಗೆ ಸಾಬೀತು ಮಾಡುವ ದಾಖಲೆಗಳಿವು. 2024ರ ಫೆಬ್ರವರಿಯಿಂದ, ದಿನಕ್ಕೆ 5,000ಕ್ಕಿಂತ ಜಾಸ್ತಿ ಮೇಲ್ ಕಳಿಸುವವರಿಗೆ ಜಿಮೇಲ್ ಇವನ್ನು ಕಡ್ಡಾಯ ಮಾಡಿದೆ. ಒಂದೇ ಒತ್ತಿಗೆ ಪಟ್ಟಿಯಿಂದ ಹೊರಬರುವ ವ್ಯವಸ್ಥೆಯೂ ಇರಬೇಕು. ಸ್ಪ್ಯಾಮ್ ದೂರು 0.3% ಮುಟ್ಟಬಾರದು.

ನಾನು ಕಳಿಸುವುದು ಅದರ ಹತ್ತಿರವೂ ಇಲ್ಲ. ಆದರೂ ಆ 0.3 ಅನ್ನುವುದನ್ನು ನಮ್ಮಂಥ ಚಿಕ್ಕವರ ಲೆಕ್ಕದಲ್ಲಿ ನೋಡಿ. ಪಟ್ಟಿಯಲ್ಲಿ 300 ಜನ ಇದ್ದು ಒಬ್ಬರು ಸ್ಪ್ಯಾಮ್ ಒತ್ತಿದರೆ ಅಲ್ಲಿಗೇ 0.33% ಆಯಿತು. ಹಾಗಾಗಿ ‘ಪತ್ರ ಬೇಡವೇ? ಇಲ್ಲಿ ಒತ್ತಿ’ ಅನ್ನುವ ಸಾಲನ್ನು ಪತ್ರದ ಮೇಲ್ಗಡೆಯೇ ಇಟ್ಟಿದ್ದೇನೆ. ಹೋಗುವವರು ನೆಮ್ಮದಿಯಾಗಿ ಹೋಗಲಿ.

ಮೇಲ್ಗಡೆ ಇಡಲು ಇನ್ನೊಂದು ಕಾರಣವೂ ಇದೆ, ಇದು ಕನ್ನಡದಲ್ಲಿ ಕಳಿಸುವವರಿಗೆ ಸೇರಿದ್ದು. ಜಿಮೇಲ್ ಸುಮಾರು 102 ಕೆಬಿ ದಾಟಿದ ಮೇಲ್ ಅನ್ನು ಅರ್ಧಕ್ಕೆ ಕತ್ತರಿಸಿ ‘ಪೂರ್ತಿ ನೋಡಿ’ ಅನ್ನುವ ಲಿಂಕ್ ತೋರಿಸುತ್ತದೆ. ಕಂಪ್ಯೂಟರ್ ಅಕ್ಷರಗಳನ್ನು ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಪ್ರತಿ ಸಂಕೇತಕ್ಕೆ ಮೂರು. ‘ಹಕ್ಕಿ’ಯಲ್ಲಿ ಹ, ಕ, ಅರ್ಧಚಿಹ್ನೆ, ಮತ್ತೆ ಕ, ಗುಡಿಸು ಸೇರಿ ಐದು ಸಂಕೇತ, ಅಂದರೆ 15 ಬೈಟ್. ಅದರ ಮೇಲೆ ರೆಡಿ ಟೆಂಪ್ಲೇಟಿನ ಎಚ್‌ಟಿಎಂಎಲ್ ಭಾರ. ಕತ್ತರಿ ಬಿದ್ದರೆ ಮಾಯವಾಗುವುದು ಕೆಳಗಡೆಯದೇ: ಹೊರಹೋಗುವ ಲಿಂಕ್ ಮತ್ತು ನನ್ನ ವಿಳಾಸ. ಚೆಂದದ ಟೆಂಪ್ಲೇಟ್ ತೆಗೆದುಹಾಕಿ ಬರೀ ಅಕ್ಷರ, ಒಂದು ಫೋಟೋ ಇಟ್ಟುಕೊಂಡೆ. ಈಗ ನೋಡಲು ಯಾರೋ ಪರಿಚಯದವರು ಬರೆದ ಪತ್ರದ ಹಾಗೇ ಇದೆ.

ಎಷ್ಟು ಜನ ತೆರೆದರು ಅನ್ನುವ ಅಂಕಿಯನ್ನು ನೋಡುವುದನ್ನೇ ಬಿಟ್ಟಿದ್ದೇನೆ. 2021ರಲ್ಲಿ ಆ್ಯಪಲ್ ಮೇಲ್‌ಗೆ ಬಂದ ಖಾಸಗಿತನದ ಸೌಲಭ್ಯ, ಓದುಗರು ತೆರೆಯದಿದ್ದರೂ ಚಿತ್ರಗಳನ್ನು ಮೊದಲೇ ಇಳಿಸಿಕೊಳ್ಳುತ್ತದೆ. ಲೆಕ್ಕದಲ್ಲಿ ತೆರೆದ ಹಾಗೆ ಕಾಣುತ್ತದೆ. ಲಿಂಕ್ ಒತ್ತಿದವರು ಮತ್ತು ಉತ್ತರ ಬರೆದವರು, ಇವೆರಡೇ ನನ್ನ ಲೆಕ್ಕ.

ಡಿಸೆಂಬರ್

ಚೆನ್ನಾಗಿ ನಡೆದ ಮೊದಲ ಪತ್ರ ಇದೇ ತಿಂಗಳಿನದು. ಹುಟ್ಟಿದ್ದು ಒಬ್ಬ ನಿವೃತ್ತ ಮೇಷ್ಟ್ರ ಉತ್ತರದಿಂದ. ‘ನನ್ನ ಹಳೇ ಬೈನಾಕ್ಯುಲರ್‌ನಲ್ಲಿ ನೋಡಿದರೆ ಸುತ್ತ ಕಪ್ಪು, ನಡುವೆ ಸಣ್ಣ ಚಿತ್ರ. ಹೊಸದು ಕೊಳ್ಳಬೇಕೇ?’ ಅಂತ ಕೇಳಿದ್ದರು. ಕನ್ನಡಕ ಹಾಕುತ್ತೀರಾ ಸಾರ್ ಅಂದೆ. ಹೌದು ಅಂದರು. ಕಣ್ಣಿಡುವ ಕಡೆಯ ರಬ್ಬರ್ ಕಪ್ ಮಡಚಿ ನೋಡಿ ಅಂದೆ. ಪೂರ್ತಿ ಚಿತ್ರ ಬಂತು.

ಆ ಉತ್ತರದಿಂದ ನನಗೆ ಕಮಿಷನ್ ಏನೂ ಬರಲಿಲ್ಲ ಅನ್ನಿ. ಆದರೆ ಮುಂದಿನ ಪತ್ರಕ್ಕೆ ಅದೇ ವಿಷಯವಾಯಿತು: ಕನ್ನಡಕದವರಿಗೆ ಬೈನಾಕ್ಯುಲರ್. ಮಸೂರದಿಂದ ಕಣ್ಣು ಎಷ್ಟು ದೂರದವರೆಗೆ ಇದ್ದರೆ ಪೂರ್ತಿ ಚಿತ್ರ ಕಾಣುತ್ತದೆ ಅನ್ನುವ ಅಳತೆಗೆ ಐ ರಿಲೀಫ್ ಅಂತಾರೆ. ಕನ್ನಡಕ ಇದ್ದರೆ ಅದು 15 ಮಿಲಿಮೀಟರ್‌ಗಿಂತ ಕಡಿಮೆ ಇರಬಾರದು. ಇನ್ನು 8x42 ಅಂದರೆ 8 ಪಟ್ಟು ಹತ್ತಿರ, ಮುಂದಿನ ಮಸೂರ 42 ಮಿಲಿಮೀಟರ್ ಅಗಲ. 42ನ್ನು 8ರಿಂದ ಭಾಗಿಸಿದರೆ 5.25. ಕಣ್ಣಿಗೆ ಬರುವ ಬೆಳಕಿನ ಕಂಬ ಅಷ್ಟು ದಪ್ಪ. ಜೇಬಿಗೆ ಹೋಗುವ 8x21ರಲ್ಲಿ ಅದು ಎರಡೂವರೆ ಮಿಲಿಮೀಟರ್ ಚಿಲ್ಲರೆ. ಬೆಳಗಿನ ಆರೂವರೆಗೆ ಕೆರೆಯಲ್ಲಿ ಎರಡಕ್ಕೂ ಇರುವ ವ್ಯತ್ಯಾಸ ಒಮ್ಮೆ ನೋಡಿದರೆ ಸಾಕು. ‘ಜಾಸ್ತಿ ಪಟ್ಟು ಇದ್ದರೆ ಒಳ್ಳೆಯದಲ್ವಾ?’ ಅಂತ ಎಲ್ಲರೂ ಕೇಳುತ್ತಾರೆ. ಅಲ್ಲ. 20 ಪಟ್ಟಿನದನ್ನು ಕೈಯಲ್ಲಿ ಹಿಡಿದರೆ ಹಕ್ಕಿಗಿಂತ ಕೈನಡುಕವೇ ದೊಡ್ಡದಾಗಿ ಕಾಣುತ್ತದೆ.

ಇದೇ ಹೊತ್ತಿಗೆ ಒಬ್ಬ ಮಾರಾಟಗಾರರು ಜೂಮ್ ಬೈನಾಕ್ಯುಲರ್ ಹೊಗಳಿದರೆ ದುಪ್ಪಟ್ಟು ಕಮಿಷನ್ ಅಂದರು. ಉತ್ತರ ಬರೆಯಲಿಲ್ಲ. ಹಾಗೆ ನೋಡಿದರೆ ಹಕ್ಕಿಯ ದನಿ ಗುರುತಿಸುವ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರ ಮರ್ಲಿನ್ ಆ್ಯಪ್ ಉಚಿತ, ಒಂದು ರೂಪಾಯಿಯೂ ಬರುವುದಿಲ್ಲ. ಆದರೂ ಮೊದಲ ಪತ್ರದಲ್ಲೇ ಅದನ್ನು ಹೇಳುತ್ತೇನೆ.

ಕಮಿಷನ್ ವಿಷಯ ಮುಚ್ಚಿಡುವುದಿಲ್ಲ. ಉತ್ಪನ್ನ ಶಿಫಾರಸು ಮಾಡುವವರು ತಮಗೆ ಸಿಗುವ ಲಾಭವನ್ನು ಎದ್ದು ಕಾಣುವಂತೆ ಹೇಳಬೇಕು ಅಂತ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಮಾರ್ಗದರ್ಶಿ ಹೊರಡಿಸಿದೆ. ನನ್ನ ಪತ್ರದ ಎರಡನೇ ಸಾಲು ಹೀಗಿದೆ: ‘ನನ್ನ ಲಿಂಕ್‌ನಿಂದ ಕೊಂಡರೆ ನನಗೆ ಕಮಿಷನ್ ಬರುತ್ತದೆ. ನಿಮಗೆ ಬೆಲೆ ಹೆಚ್ಚಾಗುವುದಿಲ್ಲ.’ ಇದನ್ನು ಓದಿ ಒಬ್ಬಿಬ್ಬರು ಪಟ್ಟಿ ಬಿಟ್ಟರು. ‘ಬರಲಿ ಬಿಡಿ ಸಾರ್’ ಅಂದವರೇ ಜಾಸ್ತಿ.

ಜನವರಿ

ಅಮೆಜಾನ್‌ನ ಅಫಿಲಿಯೇಟ್ ಯೋಜನೆಯಾದ ಅಸೋಸಿಯೇಟ್ಸ್‌ನ ಷರತ್ತುಗಳ ಬಗ್ಗೆ ಹೊಸಬರಿಗೆ ಎರಡು ಮಾತು. ಸೇರಿದ 180 ದಿನದೊಳಗೆ ಮೂರು ಮಾರಾಟವಾದರೂ ಆಗಬೇಕು, ಇಲ್ಲದಿದ್ದರೆ ಖಾತೆ ಮುಚ್ಚುತ್ತಾರೆ. ನಿಮ್ಮ ಲಿಂಕ್‌ನಿಂದ ನೀವೇ ಕೊಂಡರೆ ಲೆಕ್ಕಕ್ಕಿಲ್ಲ. ಬಹಳ ವರ್ಷ ಅವರು ಇಮೇಲ್ ಒಳಗೆ ಅಫಿಲಿಯೇಟ್ ಲಿಂಕ್ ಹಾಕಲು ಬಿಡುತ್ತಿರಲಿಲ್ಲ. ಕರಾರು ಆಗಾಗ ಬದಲಾಗುತ್ತದೆ, ಹಾಗಾಗಿ ನೀವು ಸೇರುವ ದಿನದ್ದನ್ನು ಓದಿಕೊಳ್ಳಿ. ನನ್ನ ಪತ್ರದಲ್ಲಿ ನನ್ನದೇ ಪುಟದ ಲಿಂಕ್ ಮಾತ್ರ ಇರುತ್ತದೆ, ಅಂಗಡಿಯ ಲಿಂಕ್ ಇರುವುದು ಆ ಪುಟದಲ್ಲಿ. ಬೆಲೆ ಬರೆಯುವುದಿಲ್ಲ.

ದೊಡ್ಡ ತೊಡಕು 24 ಗಂಟೆಯದು. ಲಿಂಕ್ ಒತ್ತಿದ 24 ಗಂಟೆಯೊಳಗೆ ಕೊಂಡರೆ, ಇಲ್ಲವೇ ಅಷ್ಟರೊಳಗೆ ಕಾರ್ಟ್‌ಗೆ ಹಾಕಿಟ್ಟು ಆಮೇಲೆ ಕೊಂಡರೆ ಮಾತ್ರ ಕಮಿಷನ್. ನಮ್ಮ ಜನ ಬೈನಾಕ್ಯುಲರ್‌ಗೆ ಹಾಗೆ ದುಡ್ಡು ಬಿಚ್ಚುತ್ತಾರಾ? ನೋಡುತ್ತಾರೆ, ಮನೆಯಲ್ಲಿ ಕೇಳುತ್ತಾರೆ, ಸೇಲ್ ಬರಲಿ ಅಂತಾರೆ. ಮೊದಮೊದಲ ವರದಿಗಳಲ್ಲಿ ಇದ್ದದ್ದು ಬೇರೆಯೇ: ಕುಕ್ಕರ್ ಗ್ಯಾಸ್ಕೆಟ್, ಮಕ್ಕಳ ಸ್ಕೆಚ್ ಪೆನ್ನು, ಮೊಣಕಾಲಿನ ಬ್ಯಾಂಡ್. ಬೈನಾಕ್ಯುಲರ್ ನೋಡಲು ಹೋದವರು ಮನೆಗೆ ಬೇಕಾದದ್ದನ್ನು ತಗೊಂಡು ಬಂದಿದ್ದರು. ಯಾರು ಕೊಂಡರು ಅಂತ ವರದಿ ಹೇಳುವುದಿಲ್ಲ, ಏನು ಕೊಂಡರು ಅಂತ ಮಾತ್ರ ಹೇಳುತ್ತದೆ. ಗ್ಯಾಸ್ಕೆಟ್‌ಗೂ ಕಮಿಷನ್ ಬಂತು.

ಆಮೇಲೆ ಅಮೆರಿಕದಿಂದ ಒಂದು ಉತ್ತರ. ಆ ಮೇಷ್ಟ್ರ ಮಗಳು. ‘ಅಪ್ಪ ನಿಮ್ಮ ಪತ್ರಗಳನ್ನು ನನಗೆ ಫಾರ್ವರ್ಡ್ ಮಾಡ್ತಾರೆ. ಹಳೇದು ಭಾರ ಅಂತಾರೆ, ಕೇಳಿದರೆ ಬೇಡ ಅಂತಾರೆ. ಯಾವುದು ಕಳಿಸಲಿ?’ ಎರಡು ಮಾದರಿ ಹೇಳಿದೆ. ಭಾರತದ ಅಮೆಜಾನ್‌ನಲ್ಲೇ ಕೊಂಡು ಮೈಸೂರಿಗೆ ಕಳಿಸಿದರು. ಮೂರು ತಿಂಗಳ ಯೋಚನೆ ಇಲ್ಲ, ಅವತ್ತೇ.

ಪಟ್ಟಿಯನ್ನು ನೋಡುವ ರೀತಿಯೇ ಇಲ್ಲಿಂದ ಬದಲಾಯಿತು. ಓದುವವರು ಕೆರೆ ಸುತ್ತುವ ಅಪ್ಪ ಅಮ್ಮ. ಕಾರ್ಡ್ ಉಜ್ಜುವವರು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುವ ಮಕ್ಕಳು. ‘ಇಮೇಲ್ ಮಗನ ಹತ್ರ ಇದೆ’ ಅಂದವರನ್ನು ನಾನು ಕಳೆದುಕೊಂಡ ಗಿರಾಕಿ ಅಂದುಕೊಂಡಿದ್ದೆ. ಆ ಮಗನೇ ಬೇಕಾದವನು!

ಫಾರಂಗೆ ಮೂರನೇ ಖಾನೆ ಸೇರಿಸಿದೆ: ‘ಹಕ್ಕಿ ನೋಡುವವರು ನೀವೋ, ಮನೆಯ ಹಿರಿಯರೋ?’ ಎರಡನೆಯದನ್ನು ಆರಿಸಿದವರಿಗೆ ಬೇರೆ ಸ್ವಾಗತ ಪತ್ರ ಹೋಗುತ್ತದೆ. ಅದರಲ್ಲಿ ಹಕ್ಕಿ ಕಡಿಮೆ. ಅಪ್ಪನಿಗೆ ಕನ್ನಡಕ ಇದೆಯಾ, ಕುತ್ತಿಗೆ ನೋವಿದೆಯಾ, ಕೈ ನಡುಗುತ್ತದಾ ಅನ್ನುವ ಪ್ರಶ್ನೆಗಳು, ಉತ್ತರಕ್ಕೆ ತಕ್ಕಂತೆ ಸಲಹೆ. ಅಲ್ಲಿಂದ ಬರುವ ಮಾರಾಟ ಈಗ ಉಳಿದೆಲ್ಲಕ್ಕಿಂತ ಜಾಸ್ತಿ.

ಫೆಬ್ರವರಿ

ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಇರುವ ತಿಂಗಳು. ನಾಲ್ಕು ದಿನ, ಎಲ್ಲಿದ್ದರೂ ಹದಿನೈದು ನಿಮಿಷ ಹಕ್ಕಿ ಎಣಿಸಿ ಇ-ಬರ್ಡ್‌ಗೆ (ಹಕ್ಕಿ ಲೆಕ್ಕ ಕೂಡಿಡುವ ಜಾಲತಾಣ) ಹಾಕುವುದು. ಭಾರತದಲ್ಲಿ 2013ರಿಂದ ನಡೆಯುತ್ತಿದೆ. ಇ-ಬರ್ಡ್ ಬಳಸುವುದು ಹೇಗೆ ಅಂತ ಪತ್ರ ಬರೆದೆ, ಲಿಂಕ್ ಒಂದೂ ಇಲ್ಲ. ಹೊಸದಾಗಿ ಸೇರಿದವರು ಆ ವಾರವೇ ಜಾಸ್ತಿ. ಮಾಗಡಿ ಕೆರೆಯ ಪಟ್ಟೆತಲೆ ಹೆಬ್ಬಾತುಗಳ ಬಗ್ಗೆ ಗದಗಿನ ಓದುಗರೊಬ್ಬರು ಬರೆದು ಕಳಿಸಿದ್ದನ್ನೂ ಹಾಕಿದೆ. ಆ ಕೆರೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದೆ. ಮೈಸೂರಿನ ಪತ್ರ ಅಂತ ಶುರು ಮಾಡಿದ್ದು ಮೈಸೂರಿನಲ್ಲೇ ನಿಲ್ಲುವ ಹಾಗೆ ಕಾಣುವುದಿಲ್ಲ.

ಈಗ ಕೈಯಲ್ಲಿರುವ ಕೆಲಸ

ಡೊಮೇನ್ ಮತ್ತು ಇಮೇಲ್ ಸೇವೆಯ ಖರ್ಚು ಹುಟ್ಟಿದೆ. ಸ್ಕೋಪ್ ಇನ್ನೂ ದೂರ.

ಅಮೆರಿಕದ ಓದುಗರು ಇರುವುದರಿಂದ ಅಲ್ಲಿನ ಕಾನೂನಿನಂತೆ ಪ್ರತಿ ಪತ್ರದಲ್ಲೂ ಅಂಚೆ ವಿಳಾಸ ಇರಬೇಕು. ಮನೆ ವಿಳಾಸ ಬೇಡ, ಪೋಸ್ಟ್ ಬಾಕ್ಸ್ ತೆಗೆದುಕೊಳ್ಳಲು ಅರ್ಜಿ ಕೊಡಬೇಕು. ಅವರು ಅಲ್ಲಿಯ ಅಮೆಜಾನ್‌ನಲ್ಲಿ ಕೊಂಡರೆ ನನ್ನ ಭಾರತದ ಖಾತೆಗೆ ಏನೂ ಬರುವುದಿಲ್ಲ, ಅದಕ್ಕೆ ಬೇರೆ ಖಾತೆ ಬೇಕು. ಸದ್ಯಕ್ಕೆ ಮಾಡುವುದಿಲ್ಲ, ಅವರು ಕೊಳ್ಳುವುದೆಲ್ಲ ಇಲ್ಲಿಗೇ ತಾನೆ.

ಏಪ್ರಿಲ್ ಹೊತ್ತಿಗೆ ವಲಸೆ ಹಕ್ಕಿಗಳು ಹೊರಟುಹೋಗುತ್ತವೆ, ಉತ್ತರಗಳೂ ಕಡಿಮೆಯಾಗುತ್ತವೆ ಅಂತ ಎಣಿಸಿದ್ದೇನೆ. ಆಗ ಮೂರು ಪತ್ರಗಳಿಂದ ಒಂದನ್ನೂ ಒತ್ತದವರಿಗೆ ‘ಇನ್ನೂ ಬರಲಾ?’ ಅಂತ ಕೇಳಿ, ಉತ್ತರ ಇಲ್ಲದಿದ್ದರೆ ಪಟ್ಟಿಯಿಂದ ತೆಗೆಯಬೇಕು. ಮುಂದಿನ ಪತ್ರ ಮಳೆಗಾಲದಲ್ಲಿ ಮಸೂರಕ್ಕೆ ಬೂಷ್ಟು ಹಿಡಿಯುವುದರ ಬಗ್ಗೆ. ಸಿಲಿಕಾ ಜೆಲ್ ಪೊಟ್ಟಣ, ಗಾಳಿಯಾಡದ ಡಬ್ಬಿ, ಇಷ್ಟೇ ಬೇಕಾದದ್ದು. ಡಬ್ಬಿ ಮನೆಯಲ್ಲೇ ಇರುತ್ತದೆ, ಅದಕ್ಕೆ ಲಿಂಕ್ ಹಾಕುವುದಿಲ್ಲ.