ಯಾವ ವೇಷವೆಂದು ಹೇಳಬೇಕು

ಡೊಂಬಿವಲಿಯ ನಮ್ಮ ಕನ್ನಡ ಸಂಘದ ಹಳೆಯ ನಾಟಕ, ಯಕ್ಷಗಾನ, ರಾಜ್ಯೋತ್ಸವಗಳ ಫೋಟೋಗಳನ್ನು ಜಾಲತಾಣಕ್ಕೆ ಏರಿಸುವ ಕೆಲಸ ನನ್ನ ಪಾಲಿಗೆ ಬಂದಾಗ, ಅವನ್ನು ಎಲ್ಲರಿಗಿಂತ ಮೊದಲು ದೊಡ್ಡಮ್ಮನ ಮುಂದಿಡಬೇಕೆಂದುಕೊಂಡು ಒಂದು ಭಾನುವಾರ ಮಾಟುಂಗಾದ ಅವರ ಮನೆಗೆ ಹೋದೆ. ದೊಡ್ಡಮ್ಮನಿಗೆ ಪೂರ್ತಿ ಕಾಣದೆಂದಲ್ಲ. ಅಕ್ಷಿಪಟಲದ ನಡುಭಾಗ ಕೆಟ್ಟಿರುವುದರಿಂದ ನೇರವಾಗಿ ನೋಡಿದ್ದು ಮಸುಕಾಗುತ್ತದೆ, ಅಂಚಿನ ನೋಟ ಉಳಿದಿದೆ. ಹಾಗಾಗಿ ಫೋನನ್ನು ಕಣ್ಣಿನ ಹತ್ತಿರ ಹಿಡಿದು, ಮುಖವನ್ನು ತುಸು ಓರೆ ಮಾಡಿ ನೋಡುತ್ತಾರೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯು, ತಕ್ಕ ಕನ್ನಡಕ ಹಾಕಿದ ಮೇಲೂ ಉತ್ತಮವಾಗಿರುವ ಕಣ್ಣಿನ ನೋಟ 6/18ರಿಂದ (ಸಾಮಾನ್ಯ ಕಣ್ಣಿಗೆ 18 ಮೀಟರ್ ದೂರದಿಂದ ಕಾಣುವುದು 6 ಮೀಟರ್‌ನಿಂದಷ್ಟೇ ಕಾಣುವ ಮಟ್ಟ) 3/60ರವರೆಗೆ ಇರುವವರನ್ನು ಮಂದದೃಷ್ಟಿಯವರೆಂದು ಅಂಧರಿಂದ ಬೇರೆಯಾಗಿಯೇ ಗುರುತಿಸಿದೆ. ಇಂಥವರಿಗೆ ಚಿತ್ರವನ್ನು ಕೇಳುವುದೂ ಬೇಕು, ನೋಡುವುದೂ ಬೇಕು. ಒಂದನ್ನು ಒದಗಿಸಿ ಇನ್ನೊಂದನ್ನು ಬಿಟ್ಟರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ.

ಮೊದಲು ತೆರೆದದ್ದು ಅಭಿಮನ್ಯು ಕಾಳಗದ ಫೋಟೋ. ತಂತ್ರಾಂಶವೊಂದು ತಾನಾಗಿಯೇ ಜೋಡಿಸಿದ್ದ ವಿವರಣೆಯನ್ನು, ಪರದೆಯಲ್ಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ಫೋನಿನ ತಂತ್ರಾಂಶ ಟಾಕ್‌ಬ್ಯಾಕ್ ಓದಿತು: ಬಣ್ಣದ ಉಡುಪಿನ ಇಬ್ಬರು ವ್ಯಕ್ತಿಗಳು.

"ಇಷ್ಟು ನನಗೂ ಕಾಣುತ್ತದೆ ಮಾರಾಯ್ತಿ. ತೆಂಕೋ ಬಡಗೋ? ತಲೆಯ ಮೇಲೆ ಕೇದಗೆ ಮುಂದಲೆಯೋ ಕಿರೀಟವೋ? ಅದನ್ನು ಹೇಳು" ಎಂದರು. ತೆಂಕು, ಬಡಗು ಯಕ್ಷಗಾನದ ಎರಡು ತಿಟ್ಟುಗಳು, ಅಂದರೆ ಶೈಲಿಗಳು; ಕೇದಗೆ ಮುಂದಲೆ ವೇಷದ ಒಂದು ಬಗೆಯ ತಲೆಯುಡುಗೆ.

ಉಡುಪಿಯ ಕಡೆ ಹುಟ್ಟಿ, ಬಯಲಾಟ ನೋಡಿಯೇ ಬೆಳೆದ ಅವರಿಗೆ ಬಣ್ಣದ ಹರವು ಅಸ್ಪಷ್ಟವಾಗಿ ತಿಳಿಯುತ್ತಿತ್ತು. ಕಾಣದಿದ್ದುದು ವೇಷವನ್ನು ಗುರುತಿಸಲು ಬೇಕಾದ ಆ ಒಂದೆರಡು ಗುರುತುಗಳು ಮಾತ್ರ. ಇಬ್ಬರೂ ಕೂತು ಹೀಗೆ ಬರೆದೆವು: "ಬಡಗುತಿಟ್ಟಿನ ಅಭಿಮನ್ಯು, ತಲೆಗೆ ಕೇದಗೆ ಮುಂದಲೆ, ಬಿಲ್ಲನ್ನು ಎತ್ತಿ ಹಿಡಿದಿದ್ದಾನೆ, ಹಿಂದೆ ಭಾಗವತರೂ ಮದ್ದಳೆಯವರೂ ಕೂತಿದ್ದಾರೆ." ಅವರಿಗೆ ಇದು ಒಪ್ಪಿಗೆಯಾಯಿತು. ಕಿವಿಯಿಂದ ಓದುವವರು ಪುಟದ ಮೇಲೆ ಕಣ್ಣಾಡಿಸಿ ಬೇಕಾದ್ದನ್ನು ಹೆಕ್ಕಿಕೊಳ್ಳಲಾರರು, ಮುಖ್ಯವಾದುದು ಮೊದಲೇ ಬರಬೇಕು. ಚಿತ್ರವೆಂದು ಟಾಕ್‌ಬ್ಯಾಕ್ ಹೇಗೂ ಹೇಳುವುದರಿಂದ "ಇದೊಂದು ಚಿತ್ರ" ಎಂದು ಆರಂಭಿಸಬೇಕಾಗಿಲ್ಲ. ಅಂಚಿನ ಬಳ್ಳಿ, ಹೂವುಗಳಂಥ ಅಲಂಕಾರದ ಚಿತ್ರಗಳಿಗೆ ಪುಟದ ಕೋಡ್‌ನಲ್ಲಿ ವಿವರಣೆಯ ಜಾಗವನ್ನು ಇಟ್ಟು ಉದ್ದೇಶಪೂರ್ವಕವಾಗಿ ಖಾಲಿ ಬಿಟ್ಟರೆ ಓದುವ ತಂತ್ರಾಂಶ ಅವನ್ನು ದಾಟಿ ಹೋಗುತ್ತದೆ; ಆ ಜಾಗವನ್ನೇ ಇಡದಿದ್ದರೆ ಕೆಲವೊಮ್ಮೆ ಫೈಲಿನ ಹೆಸರಿನಲ್ಲಿರುವ ಅಂಕಿಗಳನ್ನು ಒಂದೊಂದಾಗಿ ಓದಿ ಕೇಳುವವರನ್ನು ದಣಿಸುತ್ತದೆ.

ಹೆಚ್ಚು ಹೊತ್ತು ಹಿಡಿದದ್ದು ರಾಜ್ಯೋತ್ಸವದ ಆಮಂತ್ರಣ. ಕೆಂಪು ಹಿನ್ನೆಲೆ, ಹಳದಿ ಅಕ್ಷರ. ನಮ್ಮವರಿಗೆ ಅದು ಬಿಟ್ಟು ಬೇರೆ ಬಣ್ಣ ಹೊಳೆಯುವುದಿಲ್ಲ, ಹೊಳೆಯಬೇಕೆಂದು ನಾನೂ ಹೇಳುವುದಿಲ್ಲ. ಆದರೆ ವೆಬ್ ಪುಟಗಳ ಅಂತರರಾಷ್ಟ್ರೀಯ ಮಾರ್ಗಸೂಚಿಯಾದ ಡಬ್ಲ್ಯುಸಿಎಜಿ ಪ್ರಕಾರ ಸಾಧಾರಣ ಗಾತ್ರದ ಅಕ್ಷರಕ್ಕೂ ಅದರ ಹಿನ್ನೆಲೆಗೂ ನಡುವಿನ ಹೊಳಪಿನ ಅನುಪಾತ ಕನಿಷ್ಠ 4.5:1, ದೊಡ್ಡ ಅಕ್ಷರಕ್ಕೆ 3:1 ಇರಬೇಕು. ಪರದೆಯ ಅಚ್ಚ ಕೆಂಪಿನ ಮೇಲೆ ಅಚ್ಚ ಹಳದಿಯನ್ನಿಟ್ಟರೆ ಸಿಗುವುದು ಸುಮಾರು 3.7. ದಪ್ಪಕ್ಷರದ ಶೀರ್ಷಿಕೆ ದೊಡ್ಡಮ್ಮನಿಗೆ ದಕ್ಕಿ, ಕೆಳಗಿನ ಸಭಾಂಗಣದ ಹೆಸರೂ ಸಮಯವೂ ತಪ್ಪಿಹೋಗಲು ಇದೂ ಒಂದು ಕಾರಣ. ಅದೇ ಕೆಂಪನ್ನು ಕಡುಗೆಂಪಾಗಿಸಿದಾಗ ಅನುಪಾತ 10ನ್ನು ದಾಟಿತು. ನಾಡಿನ ಬಣ್ಣ ಉಳಿಯಿತು, ಸಮಯ "ಸಂಜೆ ಐದೂವರೆ" ಎಂದು ಅವರೇ ಓದಿದರು.

ಆದರೂ ವಿಳಾಸದ ಸಾಲುಗಳು ತೊಡಕಾಗಿಯೇ ಉಳಿದವು. ವಾಟ್ಸಾಪಿನಲ್ಲಿ ಕುಗ್ಗಿ ಬಂದ ಚಿತ್ರವನ್ನು ಬೆರಳಿನಿಂದ ಹಿಗ್ಗಿಸಿದಷ್ಟೂ ಒತ್ತಕ್ಷರಗಳು ಒಡೆದು ಒಂದರೊಳಗೊಂದು ಸೇರುತ್ತಿದ್ದವು, ಸಾಲಿನ ಕೊನೆಯನ್ನು ನೋಡಲು ಪಕ್ಕಕ್ಕೆ ಸರಿಸಿದರೆ ಅದರ ಆರಂಭ ಕಳೆದುಹೋಗುತ್ತಿತ್ತು. ಬರಹವಾಗಿಯೇ ಕಳಿಸಿದ ಅಕ್ಷರ ಎಷ್ಟು ದೊಡ್ಡದಾದರೂ ಒಡೆಯುವುದಿಲ್ಲ, ಪರದೆಯ ಅಗಲಕ್ಕೆ ತಾನೇ ಮಡಚಿಕೊಳ್ಳುತ್ತದೆ, ಟಾಕ್‌ಬ್ಯಾಕ್ ಅದನ್ನು ಓದಲೂಬಲ್ಲದು.

ಒಬ್ಬಿಬ್ಬರಿಗಾಗಿ ಇಷ್ಟೆಲ್ಲ ಏಕೆಂದು ಸಂಘದ ಸಭೆಯಲ್ಲಿ ಒಬ್ಬ ಹಿರಿಯರು ಕೇಳಿದರು. ಡಿಜಿಟಲ್ ಸೇವೆಗಳು ಎಲ್ಲರಿಗೂ ಎಟುಕುವಂತಿರುವುದು ಬದುಕುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ತೀರ್ಪಿತ್ತಿರುವುದನ್ನು ಹೇಳಿದೆ. ಸಂಘವನ್ನು ಕಟ್ಟಿ ನಿಲ್ಲಿಸಿದವರ ಕಣ್ಣುಗಳೇ ಈಗ ಮಂದವಾಗುತ್ತಿವೆ ಎಂಬುದನ್ನೂ ಹೇಳಿದೆ. ಇನ್ನು ಮುಂದೆ ದಿನಾಂಕ, ಸ್ಥಳ, ಸಮಯಗಳು ಚಿತ್ರದ ಜೊತೆಗೆ ಬರಹವಾಗಿಯೂ ಹೋಗಬೇಕೆಂದು ತೀರ್ಮಾನವಾಯಿತು. ಫೋಟೋಗಳ ವಿವರಣೆಗಳನ್ನು ನಾನು ಬರೆದು ಕಳಿಸುತ್ತಿದ್ದೇನೆ, ದೊಡ್ಡಮ್ಮ ಕೇಳಿ ತಿದ್ದುತ್ತಿದ್ದಾರೆ. ಗುಂಪಿನ ಫೋಟೋಗಳಲ್ಲಿ ಎಡದಿಂದ ಬಲಕ್ಕೆ ಎಲ್ಲರ ಹೆಸರೂ ಇರಲೇಬೇಕೆಂಬುದು ಅವರ ಹಟ.